ಬಂದ, ಮಲಗಿದ

ಅಟಕಾಮದಲ್ಲಿ ಕಾಗದ ಕೊಳೆಯುವುದಿಲ್ಲ.
ಗೆದ್ದಲಿಗೂ ಇಲ್ಲಿ ಬಾಳಲು ಆಗಿಲ್ಲ.
ಪೆಟ್ಲುಪ್ಪಿನ ಧಾರಣೆ ಬಿದ್ದು
ಕಂಪನಿ ತಗಡು ಕಿತ್ತುಕೊಂಡು ಹೋಗಿ
ಎಂಬತ್ತು ವರ್ಷ ಕಳೆದರೂ
ಸಾಂತಾ ಪೆರ್ಪೆತುವಾದ ರಾತ್ರಿಶಾಲೆಯ ಹಾಜರಿ ಪುಸ್ತಕ
ನಿನ್ನೆ ಮುಚ್ಚಿಟ್ಟ ಹಾಗಿತ್ತು.

ಒರ್ತೆನ್ಸಿಯಾ ಕಿಲೊದ್ರಾನ್, ಎಪ್ಪತ್ತೊಂದು,
ಇಕೀಕೆಯ ಕಾಲೇಜಿನಲ್ಲಿ ಚರಿತ್ರೆ ಕಲಿಸಿ ನಿವೃತ್ತಳಾದವಳು,
ಕನ್ನಡಕ ಹಣೆಗೇರಿಸಿ
ಪುಟಕ್ಕೆ ಮೂಗು ತಾಗುವಷ್ಟು ಬಾಗಿ ಓದುತ್ತಾಳೆ.
ನಾನು ಜೀಪು ಓಡಿಸುವವನು, ಟಾರ್ಚು ಹಿಡಿಯುವವನು,
ಒಂದು ಕಾಲಕ್ಕೆ ಅವಳ ಬಳಿ ನಪಾಸಾದವನು.

ಆನ್ಸೆಲ್ಮೊ ಚೋಕೆ.
ಕೆಲಸ: ಕುದಿತೊಟ್ಟಿಯ ಬುಡದ ಕಸ ಎತ್ತುವುದು.
ವಯಸ್ಸು: ಅವನಿಗೆ ಗೊತ್ತಿಲ್ಲ.
ಮಾರ್ಚ್ ನಾಲ್ಕು, ಬಂದ.
ಐದು, ಬಂದ.
ಆರು, ಗೈರು, ಎರಡು ಪಾಳಿ.
ಏಳರಿಂದ ಹದಿನೆಂಟು, ಗೈರು, ಕಾಲು ಬೆಂದಿದೆ.
ಹತ್ತೊಂಬತ್ತು, ಬಂದ. ಮಲಗಿದ. ಎಬ್ಬಿಸಲಿಲ್ಲ.

ಎಬ್ಬಿಸದ ಆ ಮೇಷ್ಟರ ಹೆಸರು ಎಲ್ಲೂ ಇಲ್ಲ.
ದುಂಡಗಿನ ಅಕ್ಷರ. ಕೊನೆಯಲ್ಲಿ
ಲೇಖನಿ ಒಂದು ಗಳಿಗೆ ಹಾಗೇ ನಿಂತದ್ದಕ್ಕೆ
ಹರಡಿದ ಶಾಯಿಯ ಬೊಟ್ಟು.

ಮೂವತ್ತರ ಹರೆಯದಲ್ಲಿ ಅವಳು ಬರೆದ ಪ್ರಬಂಧ:
ಈ ಬಯಲಿನ ಶಾಲೆಗಳಲ್ಲಿ ಕಲಿತ ಇನ್ನೂರ ಹನ್ನೊಂದು ಕೂಲಿಗಳಲ್ಲಿ
ಗುಮಾಸ್ತರಾದವರು ಮೂವರು.
ಉಳಿದವರು ಮೇಲೇರಲಿಲ್ಲ.
ಆ ಲೆಕ್ಕಕ್ಕೆ ಪದಕ ಬಂತು. ಅಡುಗೆಮನೆಯ ಕಿಟಕಿ
ಗಾಳಿಗೆ ಬಡಿದುಕೊಳ್ಳದಂತೆ ಈಗ ಅದೇ ಬೆಣೆ.

"ಏಣಿ ಹತ್ತಿದವರ ಕಾಲು ಎಣಿಸಿದೆ ಕಣೋ, ಅಷ್ಟೇ.
ಒಂಬತ್ತು ವರ್ಷ ಇವನಿಗೆ ಇಲ್ಲೇನು ಕೆಲಸ?
ಬಡ್ತಿಯಿಲ್ಲ. ಕೂಲಿ ಒಂದು ಬಿಲ್ಲೆ ಹೆಚ್ಚಲಿಲ್ಲ,
ಆ ಬಿಲ್ಲೆಯೂ ಕಂಪನಿ ಅಂಗಡಿಯ ಹೊಸ್ತಿಲು ದಾಟಿದರೆ ಬರೀ ತಗಡು.
ಅದನ್ನೇ ಕೊಟ್ಟು ತಂದಿದ್ದಾನೆ ನೋಡು
ಶಾಲೆಯ ದೀಪಕ್ಕೆ ಸೀಮೆಎಣ್ಣೆ."

ಹಿಂಬದಿಯ ರಟ್ಟಿನೊಳಗೆ ಮಡಚಿದ ಹಾಳೆ. ಅವನದೇ ಕೈ.
ಮರಳಲ್ಲಿ ತಿದ್ದಿದ್ದರೆ ಗಾಳಿ ಒರೆಸುತ್ತಿತ್ತು.
ತನ್ನ ಹೆಸರು ಹದಿನಾರು ಸಲ,
ಒಂದರಲ್ಲಿ ಅಕ್ಷರ ಬಿಟ್ಟುಹೋಗಿದೆ.
ಹೆಂಡತಿಯದು. ತೀರಿಕೊಂಡ ಮಗುವಿನದು.
ಬಂಡಿಯ ಹೇಸರಗತ್ತೆಯದೂ ಒಂದು ಸಲ.
ಆಮೇಲೆ, ಯಾರೂ ಹೇಳಿ ಬರೆಸದ ಎರಡು ಸಾಲು:
*ಅಂಗಡಿಯ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಸಕ್ಕರೆ ಅಂತ ಇದೆ.*
*ನಾವು ಸಕ್ಕರೆ ಕೊಂಡಿಲ್ಲ.*

ನನ್ನ ಟಾರ್ಚು ಅಲುಗಿತು.
"ಸಾರ್ಥಕ ಅಂದರೆ ಇದೇ ಅಲ್ಲವೇ," ಅಂದೆ.
ಸರ್ರನೆ ತಿರುಗಿದಳು:
"ಆ ಮಾತು ಅವನು ಬರೆದಿಲ್ಲ. ನೀನು ಬರೆಯಬೇಡ.
ಬೆಂದ ಕಾಲಿಗೆ ಮುಲಾಮು ಕೊಡದವರಿಗೆ
ನಿನ್ನ ಸಾರ್ಥಕದಿಂದ ಭಾರೀ ಅನುಕೂಲ."

ಆಮೇಲೆ, ಹಾಳೆಯನ್ನು ಇದ್ದ ಗೀರಿನಲ್ಲೇ ಮಡಚುತ್ತಾ,
"ಅವಕಾಶ ಅಂದರೆ ಬಾಗಿಲು ಅಂದುಕೊಂಡಿದ್ದೆ.
ಬಾಗಿಲು ತೆರೆದೇ ಇತ್ತಲ್ಲ ಇಲ್ಲಿ, ಕದವೇ ಇರಲಿಲ್ಲ.
ಅವಕಾಶ ಅಂದರೆ ಬಿಡುವು.
ಒಳಗೆ ಬಂದು ಕೂತ ಮೇಲೆ ಕಣ್ಣು ತೆರೆದಿರಲು
ಹಿಂದಿನ ರಾತ್ರಿಯ ನಿದ್ದೆ."

ಇಳಿಜಾರಿನಲ್ಲಿ ಕಡಲ ಮಂಜು ಅಡರಿತು.
ಹೆಡ್‌ಲೈಟಿಗೆ ನಾಲ್ಕು ಮಾರು ದಾರಿ, ಮುಂದೆ ಬಿಳಿ.
ಪುಸ್ತಕ ಅವಳ ತೊಡೆಯ ಮೇಲೆ, ಶಾಲು ಹೊದ್ದು.

"ಆ ವರ್ಷ ನೀನು ಯಾಕೆ ಬರುತ್ತಿರಲಿಲ್ಲ?
ನನ್ನ ಹಾಜರಿಯಲ್ಲಿ ಕಾರಣಕ್ಕೆ ಜಾಗವೇ ಇರಲಿಲ್ಲ."

"ಬಂದರಿನಲ್ಲಿ ರಾತ್ರಿಪಾಳಿ. ಮೀನುಹಿಟ್ಟಿನ ಮೂಟೆ."

ಎರಡು ತಿರುವು ಸುಮ್ಮನಿದ್ದಳು.
ವೈಪರು ಮಂಜನ್ನು ಅತ್ತಿತ್ತ ಬಳಿಯುತ್ತಿತ್ತು.

"ಬಂದು ಮಲಗಿದ್ದರೆ," ಅಂದಳು ಕೊನೆಗೆ,
"ಎಬ್ಬಿಸುತ್ತಿದ್ದೆ."