ಕಲ್ಲು, ಕಪ್ಪು, ಒಡಕು

ಅಳತೆ ಆಮೇಲೆ ಹೇಳುತ್ತೇನೆ ಅಶ್ವಿತಾ, ಮೊದಲು ಕೂತುಕೋ.
ಕಾಫಿ ಸುರುವಾಗುವುದು ಒಲೆಯಿಂದಲ್ಲ,
ಬೆರಳಿನಿಂದ.

ಮೂವತ್ತೊಂದು ವರ್ಷ ಜೆಪ್ಪುವಿನ ಕ್ಯೂರಿಂಗಿನಲ್ಲಿ
ನನ್ನ ಎದುರು ಬೆಲ್ಟು ಹರಿಯಿತು.
ಅದರ ಮೇಲೆ ಬೀಜ, ಹಸುರು ಬೂದಿ ಬಣ್ಣದ್ದು.
ನೀನು ಹೇಳುವ ಪರಿಮಳ ಅದಕ್ಕಿನ್ನೂ ಹುಟ್ಟಿರಲಿಲ್ಲ,
ಒಣಹುಲ್ಲಿನ ವಾಸನೆ, ಗೋಣಿಯ ವಾಸನೆ, ಅಷ್ಟೆ.
ಎಡಗೈಗೆ ಕಲ್ಲು, ಬಲಗೈಗೆ ಕಪ್ಪು,
ಒಡಕು ಮಡಿಲಿನ ಡಬ್ಬಿಗೆ.
ಉಳಿದದ್ದೆಲ್ಲ ಹಡಗಿಗೆ.
ಪಕ್ಕದಲ್ಲಿ ಅಪೊಲಿನ್ ಬಾಯಿ
ತೇರ್ಸ ಹೇಳುತ್ತಾ ಹೆಕ್ಕುತ್ತಿದ್ದಳು,
ಕರಿಬೀಜ ಬಂದಾಗ ಮಾತ್ರ
ನಡುವೆ ಒಂದು ಬೈಗುಳ.

ಬೀಜ ಇಟಲಿಗೆ ಹೋಗುತ್ತದೆ ಅಂತ ಸೂಪರ್‌ವೈಸರು ಹೇಳುವುದು.
ನಮ್ಮಲ್ಲಿ ಕುಡಿಯುತ್ತಿದ್ದದ್ದು
ಓಲೆಬೆಲ್ಲ ಹಾಕಿದ ಕೊತ್ತಂಬರಿ ಕಷಾಯ.
ಕಾಫಿ, ನನ್ನನ್ನು ನೋಡಲು ಬಂದವರಿಗೆ.
ಮೂರು ಸಲ ಬಂದರು.
ಕುಡಿದರು. ಹೋದರು.

ಪೀಬರಿ ಅಂತ ಉಂಟು, ಕಂಡಿದ್ದೀಯಾ?
ಹಣ್ಣಿನೊಳಗೆ ಎರಡಿರಬೇಕಾದಲ್ಲಿ ಒಂದೇ ಬೀಜ.
ಆಚೆಯಿಂದ ಒತ್ತಲು ಇನ್ನೊಂದಿಲ್ಲ,
ಹಾಗಾಗಿ ಮುಖ ಚಪ್ಪಟೆಯಾಗಿಲ್ಲ,
ದುಂಡಗೆ, ತನ್ನಷ್ಟಕ್ಕೆ.
ಅದಕ್ಕೆ ರೇಟು ಜಾಸ್ತಿ.
ಅಪೊಲಿನ್ ಒಂದು ದಿನ ಒಂದನ್ನು ನನ್ನ ಅಂಗೈಗೆ ಹಾಕಿ
"ವಾರಿಜಾ, ಇದು ನೀನು" ಎಂದಳು.
ನಕ್ಕೆವು. ಬೆಲ್ಟು ನಿಲ್ಲಲಿಲ್ಲ.

ಸಂಜೆ ಗೇಟಿನಲ್ಲಿ ಸೆರಗು ಕೊಡವಿಸಿಯೇ ಬಿಡುವುದು.
ಆದರೂ ನೆರಿಗೆಯಲ್ಲಿ, ತುರುಬಿನಲ್ಲಿ, ಒಂದೊಂದು
ಮನೆಯವರೆಗೆ ಬರುತ್ತಿತ್ತು.
ಕದ್ದದ್ದಲ್ಲ, ಅಂಟಿಕೊಂಡದ್ದು.
ಹಾರ್ಲಿಕ್ಸ್ ಬಾಟಲಿಗೆ ಹಾಕಿಟ್ಟೆ.
ಕೆಲಸ ಬಿಟ್ಟ ವಾರ ಬಾಟಲಿ ಕುತ್ತಿಗೆಯವರೆಗೆ.
ಓಡಿನಲ್ಲಿ ಹುರಿದೆ, ಅಪೊಲಿನ್‌ಳನ್ನು ಕರೆದೆ,
ಒಳ್ಳೆಯ ಲೋಟ ಇಳಿಸಿದೆ.
ಮೂವತ್ತೊಂದು ಮಳೆಗಾಲ ಕುಡಿದ ಬೀಜ.
ಕಾಫಿಯಲ್ಲ ಮಾರಾಯ್ತಿ, ಗೋಣಿ ಹಿಂಡಿದ ನೀರು!
ಅವಳು ಪೂರಾ ಕುಡಿದಳು.
ಲೋಟ ಕೆಳಗಿಟ್ಟು, ಬಾಯಿ ಒರೆಸಿ,
"ಸಕ್ಕರೆ ಹದ ಉಂಟು" ಎಂದಳು.

ಹಾಗಾಗಿ ಹೇಳುವುದು, ಕಾದಿಟ್ಟದ್ದರಲ್ಲಿ ಎಂತದೂ ಇಲ್ಲ.
ಬಂದರಿನ ಅಂಗಡಿಯಿಂದ ಹೊಸತು ತಾ, ಕಾಲು ಕಿಲೊ ಸಾಕು.
ಗೆರಸೆಯಲ್ಲಿ ಹರಡು, ಹೆಕ್ಕು.
ಒಂದು ಕಪ್ಪು ಸಾಕು ಲೋಟ ಕೆಡಿಸಲಿಕ್ಕೆ.
ಹುರಿಯುವಾಗ ಮೊಬೈಲು ಆಚೆ ಇಡು, ಕಿವಿ ಕೊಡು.
ಮೊದಲು ಒಂದೆರಡು ಸಿಡಿಯುತ್ತದೆ, ಮತ್ತೆ ಎಲ್ಲವೂ.
ಆ ಗಲಾಟೆ ಇಳಿಯುವಾಗ ನೀನೂ ಓಡನ್ನು ಇಳಿಸು.
ಆರಲಿ. ನಾಳೆಯವರೆಗೆ ಆರಿದರೂ ಒಳ್ಳೆಯದೇ.
ಮಿಕ್ಸಿಯಲ್ಲಿ ಬಿಟ್ಟು ಬಿಟ್ಟು ತಿರುಗಿಸು,
ರವೆಗಿಂತ ಸಣ್ಣ, ಮೈದಾ ಅಲ್ಲ.

ಫಿಲ್ಟರಿಗೆ ಮೊದಲು ಬರೇ ಬಿಸಿನೀರು, ಚೆಲ್ಲು.
ತಣ್ಣಗಿನ ಹಿತ್ತಾಳೆ ಬಿಸಿ ಕದಿಯುತ್ತದೆ.
ಪುಡಿ, ಹದಿನೈದು ನಂಬರ್ ಬಸ್ಸಿನಲ್ಲಿ ನಿಂತವರ ಹಾಗೆ:
ಒತ್ತೊತ್ತಿಗೆ, ಆದರೆ ಉಸಿರಿಗೆ ಎಡೆ ಉಂಟು.
ನೀರು ಕುದಿದು, ಸುಮ್ಮನಾಗಿ,
ಮತ್ತೆ ಸುತ್ತ ಎರೆ.
ಮುಚ್ಚು.

ಈಗ ನಿನಗೆ ಕೆಲಸ ಇಲ್ಲ.
ಇದೇ ಕಷ್ಟ.

ತೊಟ್ಟು ಬೀಳುವುದು ಕೇಳುತ್ತದಾ?
ನನಗೆ ಈಗಲೂ ಬೆಲ್ಟಿನ ಸದ್ದೇ ಮೊದಲು ಕೇಳುವುದು,
ಅದರ ಅಡಿಯಲ್ಲಿ ಇದು.

ಹಾಲು ಒಂದೇ ಸಲ ಉಕ್ಕಲಿ.
ಎರಡನೇ ಸಲ ಕಾಯಿಸಿದ ಹಾಲು
ಎರಡನೇ ಸಲ ಹೇಳಿದ ಚಾಡಿ,
ಕೆನೆ ಮಾತ್ರ ದಪ್ಪ.

ಹಾಂ, ಅಳತೆ.
ಅಳತೆ ಅಪೊಲಿನ್ ಬಾಯಿ.
ಕುಲಶೇಖರದಿಂದ ಆದಿತ್ಯವಾರ ಪೂಜೆ ಮುಗಿಸಿ ಬರುತ್ತಾಳೆ,
ಕಣ್ಣಿಗೆ ಪೊರೆ ಬಂದಿದೆ, ನಾಲಗೆಗೆ ಬಂದಿಲ್ಲ.
ಮೊದಲ ಲೋಟ ಅವಳಿಗೆ ಕೊಡು, ಮಾತಾಡಿಸಬೇಡ.
ಸಕ್ಕರೆಯ ಸುದ್ದಿ ಎತ್ತಿದಳಾ,
ನಾಳೆ ಪುನಃ ಗೆರಸೆ ತೆಗಿ.
ಎಂತದೂ ಹೇಳದೆ ಖಾಲಿ ಲೋಟ ಮುಂದೆ ನೀಡಿದರೆ
ಇನ್ನರ್ಧ ಎರೆ.