ಮೂವತ್ತೆಂಟು ಚದರ ಮೀಟರಿಗೆ ಒಂದು ನಾಯಿ

ಬ್ರನೋ ಊರಿನ ಅಂಚು, ಟ್ರಾಮಿನ ಹಳಿ ಮುಗಿಯುವಲ್ಲಿ
ಕಾಂಕ್ರೀಟು ಹಲಗೆಗಳ ಜೋಡಿಸಿ ನಿಲ್ಲಿಸಿದ ಕಟ್ಟಡ.
ಎಂಟನೇ ಮಹಡಿ. ನನ್ನದು ಒಂದೂವರೆ ಕೋಣೆ,
ಕೆಳಗಿನ ಮನೆಯ ಹ್ರುಬೇಶ್ ಕೆಮ್ಮಿದರೆ
ನನ್ನ ಕಪಾಟಿನ ಲೋಟಗಳು ಓಗೊಡುವಷ್ಟು ತೆಳು ನೆಲ.

ನಾಯಿಗಿಂತ ಮೊದಲು ಮನೆಯನ್ನೇ ಅಳೆದೆ, ಟೇಪು ಹಿಡಿದು:
ಸೋಫಾದಡಿ ಇಪ್ಪತ್ತೆರಡು ಸೆಂಟಿಮೀಟರು,
ಹೀಟರಿಗೂ ಹೊಲಿಗೆ ಯಂತ್ರಕ್ಕೂ ನಡುವೆ ನಲವತ್ತು,
ಲಿಫ್ಟಿನಲ್ಲಿ ನಾಲ್ಕು ಜನ, ಇಲ್ಲವೇ
ಮೂರು ಜನ ಮತ್ತೊಂದು ಆಲೂಗೆಡ್ಡೆ ಚೀಲ.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಸರಿ.
ನಾಲ್ಕು ಕಾಲಿನವರ ಲೆಕ್ಕ ಯಾರೂ ಹೇಳಿಕೊಟ್ಟಿಲ್ಲ.

ಫೋನಿನಲ್ಲಿ ತಂಗಿ ಯೋಲಾನಾ:
ಬೀಗಲ್ ಬೇಡ, ಅದಕ್ಕೆ ಮೈಯೆಲ್ಲ ಗಂಟಲು.
ಪಗ್ ಗೊರಕೆ ಹೊಡೆಯುತ್ತೆ, ನಿನಗೆ ಆ ಅನುಭವ ಸಾಕಲ್ಲ.
ಡ್ಯಾಶ್‌ಹೌಂಡ್ ಮೆಟ್ಟಿಲು ಹತ್ತಿದರೆ ಬೆನ್ನು ಹೋಗುತ್ತೆ,
ನಿಮ್ಮ ಲಿಫ್ಟೋ ವಾರಕ್ಕೆರಡು ದಿನ ರಜೆ.
ನಿನಗೇನು ಬೇಕು, ಅದನ್ನು ಹೇಳು.
ಗಿಡ್ಡ ಕೂದಲು, ಅಂದೆ.
ಗಾತ್ರ?
ಗಿಡ್ಡ ಕೂದಲು.
ಸ್ವಭಾವ?
ಆಮೇಲೆ ಅವಳು ಕೇಳಲಿಲ್ಲ. ಅವಳಿಗೆ ಗೊತ್ತು.

ಆಸ್ತಾ ಹೋಗಿ ನಾಲ್ಕು ಚಳಿಗಾಲ.
ಕೋಲಿ ಜಾತಿ, ಮೈತುಂಬ ಮೆಕ್ಕೆಜೋಳದ ತೆನೆಯ ಜೂಲು.
ಮೊದಲ ವರ್ಷ ಅವಳ ಕೂದಲು ಎಲ್ಲೆಲ್ಲೂ.
ಎರಡನೇ ವರ್ಷ ಕೋಟಿನ ಒಳಜೇಬಿನಲ್ಲಿ.
ಮೂರನೆಯದರಲ್ಲಿ, ಯಾರದೋ ಮದುವೆಗೆಂದು ಹೊಲಿಯುತ್ತಿದ್ದ ಲಂಗದ ಮೇಲೆ
ಒಂದೇ ಒಂದು ಎಳೆ. ದಾರವೆಂದು ಕತ್ತರಿ ಒಡ್ಡಿದೆ,
ಒಡ್ಡಿ ಹಿಂತೆಗೆದೆ.
ಅಂಚಿನೊಳಗೆ ಮಡಿಚಿ ಹೊಲಿದುಬಿಟ್ಟೆ.
ಯಾವಳೋ ಹುಡುಗಿ ಅದನ್ನುಟ್ಟು ಪೋಲ್ಕಾ ಕುಣಿದಿರಬೇಕು.

ಅದಕ್ಕೇ ಈ ಸಲ
ಹೋದ ಮೇಲೆ ಏನನ್ನೂ ಬಿಟ್ಟುಹೋಗದಂಥದು ಬೇಕಿತ್ತು.

ಕ್ವ್ಯೇತಾ ಎಂಬ ಹೆಂಗಸು, ನಾಯಿ ಆಶ್ರಯದವಳು,
ಕೆಟಲು ಇಟ್ಟ ಹಾಗೆ ಅದನ್ನು ತಂದು ಮೇಜಿನ ಮೇಲಿಟ್ಟಳು:
ಕ್ರಿಸರ್ಝೀಕ್, ಇಲಿ ಹಿಡಿಯುವವರ ವಂಶ.
ತೂಕ ಎರಡೂವರೆ ಕಿಲೋ, ಅದರಲ್ಲಿ ಕಿವಿಯೇ ಅರ್ಧ ಇರಬೇಕು.
ಮೈ, ಭಾನುವಾರ ಪಾಲಿಶ್ ಹಾಕಿದ ಬೂಟು.
ಬೊಗಳುತ್ತದೆಯೇ?
ಇನ್ನೂ ಯಾರೂ ಕೇಳಿಲ್ಲ.
ನಡುಗುತ್ತಿದೆಯಲ್ಲ?
ಚಳಿಗೂ ನಡುಗುತ್ತೆ, ಖುಷಿಗೂ. ಯಾವುದಕ್ಕೆಂದು ನೀವೇ ಬಿಡಿಸಿಕೊಳ್ಳಬೇಕು.

ಎತ್ತಿಕೊಂಡೆ. ಅಂಗೈ ಕೆಳಗೆ ಎದೆ ಓಡುತ್ತಿತ್ತು,
ಅಷ್ಟು ಸಣ್ಣ ಹೊಲಿಗೆ
ಮೂವತ್ತು ವರ್ಷದಲ್ಲಿ ನಾನೊಮ್ಮೆಯೂ ಹಾಕಿಲ್ಲ.
ಕ್ನೋಫ್ಲೀಕ್ ಅಂತ ಹೆಸರಿಟ್ಟೆ. ಅಂಗಿಯ ಗುಂಡಿ.

ಮೂರನೇ ವಾರ ಹ್ರುಬೇಶ್ ಬಾಗಿಲು ತಟ್ಟಿದ.
ದೂರು ತಂದನೆಂದು ಮುಖ ಗಂಟಿಕ್ಕಿಕೊಂಡೇ ತೆರೆದೆ.
ನಾಯಿ ತಂದಿದ್ದೀರಂತೆ, ಅಂದ. ಸದ್ದೇ ಇಲ್ಲವಲ್ಲ.
ಬದುಕಿದೆ ತಾನೇ?
ನನ್ನ ತೋಳಿನ ಸಂದಿಯಿಂದ ತಲೆ ಹೊರಹಾಕಿ
ಗುಂಡಿ ಒಮ್ಮೆ, ಒಂದೇ ಒಂದು ಸಲ, ಬೊಗಳಿತು.
ಒಳ್ಳೆಯದು, ಎಂದು ಇಳಿದುಹೋದ,
ಮೆಟ್ಟಿಲಲ್ಲೇ. ಲಿಫ್ಟು ರಜೆಯಲ್ಲಿತ್ತು.

ನಿನ್ನೆ ಮೊದಲ ಹಿಮ. ಬೂದು ಕೋಟು ತೆಗೆದು ಕೊಡವಿದೆ.
ಕೊಡವಿದರೆ ಬೀಳಲಿಲ್ಲ. ಟೇಪು ಅಂಟಿಸಿ ಎಳೆದೆ, ಬರಲಿಲ್ಲ.
ಆಸ್ತಾಳ ಕೂದಲು ಬೆರಳಿಗೆ ಸುತ್ತಿಕೊಂಡು ಬರುತ್ತಿತ್ತು, ಪಾಪ, ಕರೆದ ಕೂಡಲೆ.
ಇದು ನೇಯ್ಗೆಯೊಳಕ್ಕೇ ಹೊಕ್ಕು ನೆಟ್ಟಗೆ ನಿಂತಿದೆ,
ಕಪ್ಪಗೆ, ಚಿಕ್ಕಚಿಕ್ಕದಾಗಿ,
ತುದಿ ಮುರಿದ ನೂರಾರು ಸೂಜಿ.

ಯೋಲಾನಾಗೆ ಫೋನು ಮಾಡಿದೆ:
ಗಿಡ್ಡ ಕೂದಲೇ ಹೆಚ್ಚು ಕಾಲ ಉಳಿಯೋದಂತೆ ಕಣೇ.
ಯಾರು ಹೇಳಿದ್ದು?
ಕೋಟು, ಅಂದೆ.