ಕೋಟೆಬೆಟ್ಟದಲ್ಲಿ ಸ್ಕೀ

ಮಡಿಕೇರಿ ಆಕಾಶವಾಣಿ ಆರು ಡಿಗ್ರಿ ಎಂದಿತು ಆ ಬೆಳಿಗ್ಗೆ.
ಅಪ್ಪ ನಕ್ಕ: ಆರಾ? ಆರು ಅಂದರೆ ಬೇಸಿಗೆ.
ಗುಲ್ಮಾರ್ಗಿನಲ್ಲಿ ಆರಕ್ಕೆ ನಾವು ಬನಿಯನ್ನು ಒಣಹಾಕುತ್ತಿದ್ದೆವು.

ಸಿಲ್ವರ್ ಓಕಿನ ಎರಡು ಹಲಗೆ.
ಮೂರು ವಾರ ಕೀಸುಳಿ ಹೊಡೆದು,
ಮೂತಿ ಬಾಗಲೆಂದು ಭತ್ತ ಬೇಯಿಸುವ ಹಂಡೆಯ ಮೇಲೆ
ಎರಡು ರಾತ್ರಿ ಆವಿಗಿಟ್ಟು,
ಅಡಿಗೆ ಜೇನುಮೇಣ ತಿಕ್ಕಿ,
ಹಂಝಾಕನ ಜೀಪಿನ ಹಳೇ ಟ್ಯೂಬು ಕತ್ತರಿಸಿ
ಪಟ್ಟಿ ಬಿಗಿದದ್ದು.
ಇದೇನು, ತೊಟ್ಟಿಲಾ ಚಟ್ಟವಾ, ಅಂತ ಕೇಳಿದ್ದಳು ಅವ್ವ.
ಸ್ಕೀ, ಅಂದಿದ್ದ ಅಪ್ಪ.
ಅಷ್ಟೇ.

ಕಾಫಿ ಹಣ್ಣು ಕುಯ್ಯುವ ಕಾಲ, ಭಾನುವಾರ, ಆಳುಗಳಿಗೆ ರಜ.
ಗರ್ವಾಲೆ ದಾಟಿದ ಮೇಲೆ ಜೀಪು ಮೊದಲ ಗೇರು ಬಿಡಲಿಲ್ಲ.
ತಾಯಿ (ನಮ್ಮಲ್ಲಿ ಅಜ್ಜಿಗೆ ತಾಯಿ ಎನ್ನುತ್ತೇವೆ)
ಮಿಲಿಟರಿ ಕಂಬಳಿಯಿಂದ ಮೂಗು ಮಾತ್ರ ಹೊರಗಿಟ್ಟು
ದಾರಿಯುದ್ದಕ್ಕೂ ಅಪ್ಪನನ್ನು ಬೈದಳು,
ಮಡಿಲಲ್ಲಿ ಒಟ್ಟಿಯ ಡಬ್ಬಿ ಬಿಸಿಯಾಗಿ.

ಮೇಲೆ ಹುಲ್ಲೆಲ್ಲ ಬೆಳ್ಳಗೆ.
ರಾತ್ರಿಯ ಇಬ್ಬನಿ ಹಾಗೇ ಗಟ್ಟಿಕಟ್ಟಿ
ಕಾಲಿಟ್ಟರೆ ಹಪ್ಪಳದ ಸದ್ದು.
ಮೊಣ್ಣು ಒಂದು ಎಸಳು ನೆಕ್ಕಿ
ಉಪ್ಪಿಲ್ಲ, ಅಂದ.
ಗಾಳಿ ಸ್ವೆಟರಿನ ಹೊಲಿಗೆ ಹೊಲಿಗೆ ಹುಡುಕಿ ಬಂತು.
ಕೈಬೆರಳು ನನ್ನವಲ್ಲ,
ತುಟಿ ಸೇರದೆ ಅಪ್ಪ ಅನ್ನಲಾಗದು.

ಮೊಣಕಾಲು ಬಗ್ಗಿಸು. ಕಣ್ಣು ದೂರ.
ನಿಲ್ಲಬೇಕೆಂದರೆ ಮೂತಿ ಎರಡೂ ಕೂಡಿಸು,
ನೇಗಿಲ ಹಾಗೆ, ನೆಲ ಹಿಡಿಯುತ್ತದೆ.
ನಾನು ಐದು ಮಾರು ಹೋದೆ, ಆರನೆಯದಕ್ಕೆ ಅಂಡೂರಿದೆ.
ಮೊಣ್ಣು ಹೊರಟಲ್ಲೇ ಬಿದ್ದ, ಎರಡು ಸಲ.
ಅವನು ಅಳಲಿಲ್ಲ, ಮೂಗು ಅಳುತ್ತಿತ್ತು.

ನೀನು ಜಾರು ಅಪ್ಪ.
ಅಪ್ಪ ಬಗ್ಗಿ
ಕಟ್ಟಿದ್ದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟಿದ.

ಕೊಡಿ ಇತ್ತ, ಅಂದಳು ಅವ್ವ.
ಹಿಂದೆ ನೆರಿಗೆಯ ಸೀರೆ, ಮೇಲೆ ಅವನದೇ ಖಾಕಿ ಸ್ವೆಟರು,
ಜಿಗಣೆಗೆಂದು ಕೊಂಡ ರಬ್ಬರ್ ಬೂಟು.
ಮೊಣಕಾಲು ಬಗ್ಗಿಸಲಿಲ್ಲ. ಕೋಲು ಮುಟ್ಟಲಿಲ್ಲ.
ತಲೆಯ ಮೇಲೆ ಹೊರೆ ಹೊತ್ತು ಗದ್ದೆಯ ಏರಿ ದಾಟುವವಳ ಹಾಗೆ
ನೆಟ್ಟಗೆ ಹೊರಟಳು,
ನಮ್ಮನ್ನು ದಾಟಿ, ಜೀಪು ದಾಟಿ,
ತಾಯಿಯ ಮೂಗು ದಾಟಿ,
ಇನ್ನೂ.

ರೋಕೋ, ರೋಕೋ, ಅಂತ ಹಿಂದಿಯಲ್ಲಿ ಕೂಗಿದ ಅಪ್ಪ.
ಆಮೇಲೆ ಕೊಡವ ತಕ್ಕಿನಲ್ಲಿ.
ಆಮೇಲೆ ಬರೀ ದೇಚೂ, ದೇಚೂ;
ಅವಳಿಗೆ ಆ ಹೆಸರಿರುವುದು ನಮಗೆ ಗೊತ್ತಾದದ್ದೇ ಆಗ.
ಓಡಿದ.
ನಡೆಯುವಾಗ ಕಾಣದ ಕುಂಟು
ಓಡುವಾಗ ಕಂಡಿತು.

ಕುರುಂಜಿ ಪೊದೆಯಲ್ಲಿ ಕುಳಿತಿದ್ದಳು,
ಬಾಯಿಂದ ಹೊಗೆ, ಕೊಪ್ಪಿನಲ್ಲಿ ಒಂದು ಹುಲ್ಲು.
ನೇಗಿಲು ಮರೆತೆ, ಅಂದು ನಗತೊಡಗಿದವಳು ನಿಲ್ಲಿಸಲೇ ಇಲ್ಲ.
ಒಂದು ಹಲಗೆ ನಡುವೆ ಸೀಳಿತ್ತು.

ಅದನ್ನೇ ಉರಿ ಹಾಕಿದೆವು. ಮೇಣದ ಕಡೆ ಬೇಗ ಹತ್ತಿತು,
ಜೇನಿನ ವಾಸನೆ.
ಬೆಲ್ಲದ ಕಾಫಿ ಲೋಟಕ್ಕೆ ಬೀಳುವಷ್ಟರಲ್ಲಿ ಆರುತ್ತಿತ್ತು.
ಒದ್ದೆ ಕಾಲುಚೀಲ ಬಿಚ್ಚಿ ಅಪ್ಪ ಪಾದ ಕಾಯಿಸಿದ.
ಮೊಣ್ಣು ಎಣಿಸಿದ. ಮತ್ತೆ ಎಣಿಸಿದ.
ಏಳೇ ಇವೆ.
ಮಿಕ್ಕ ಮೂರು?
ಅಲ್ಲೇ ಬಿಟ್ಟು ಬಂದೆ, ಕಾವಲಿಗೆ.
ತಾಯಿ ಡಬ್ಬಿ ತೆರೆದಳು. ಒಟ್ಟಿ ಆರುತ್ತದೆ, ತಿನ್ನಿ.
ಅವ್ವ ಏನೂ ಕೇಳದೆ
ಆ ಪಾದವನ್ನು ಎತ್ತಿ ತನ್ನ ಸೀರೆಯೊಳಗೆ ಸುತ್ತಿಟ್ಟುಕೊಂಡು
ಒಂದು ಕೈಯಲ್ಲೇ ಒಟ್ಟಿ ಮುರಿದಳು.

ಉಳಿದ ಹಲಗೆ ಈಗ
ಹಂದಿಗೂಡಿನ ಬಾಗಿಲಿಗೆ ಅಗಳಿ.
ಜನವರಿಯಲ್ಲಿ ರೇಡಿಯೊ ಆರು ಅಂದ ದಿನ
ಅಪ್ಪ ಅದನ್ನು ತೆಗೆದು, ಬಾಗಿದ ಮೂತಿ ಸವರಿ,
ಮತ್ತೆ ಹಾಕುತ್ತಾನೆ.
ಹಂದಿಗಳು ಗೊಣಗುತ್ತವೆ.